ದಿಬ್ಬಕ್ಕೆ ಹೋಗಿಬಂದ ಎಂಜಿನ್

ಮೊದಲೇ ಹೇಳಿಬಿಡುತ್ತೇನೆ. ಪವಾಡ, ಗಾಳಿ, ಮೈಮೇಲೆ ಬರುವುದು ಎಂದೆಲ್ಲ ಮಾತು ಎತ್ತಿದವರನ್ನು ನಾನು ಮುಖದ ಮೇಲೇ ನಕ್ಕು ಕಳಿಸಿದವಳು. ಚಳ್ಳಕೆರೆಯಲ್ಲಿ ಅಬ್ಬಾ ಬಿಟ್ಟುಹೋದ ಗ್ಯಾರೇಜನ್ನು ನಾನೇ ನಡೆಸುತ್ತೇನೆ. "ಹೆಣ್ಣು ಮೆಕ್ಯಾನಿಕ್ಕಾ?" ಎಂದು ಮೂಗು ಮುರಿದವರ ಗಾಡಿಗಳೇ ಈಗ ನನ್ನ ಅಂಗಡಿ ಮುಂದೆ ಸಾಲಾಗಿ ನಿಲ್ಲುತ್ತವೆ. ಎಂಜಿನ್ನಿಗೆ ಬೇಕಾದ್ದು ಪೆಟ್ರೋಲು, ಗಾಳಿ, ಕಿಡಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಯಾರ ಹರಕೆಗೂ ಓಡುವುದಿಲ್ಲ. ಇದನ್ನು ಈಗಲೂ ನಂಬುತ್ತೇನೆ. ಆದ್ದರಿಂದಲೇ ಈ ವಿಷಯ ಹೇಳುವಾಗ ನನಗೆ ಸಿಟ್ಟು ಬರುತ್ತದೆ.

ಕೆಲವು ವರ್ಷದ ಹಿಂದೆ ಹಿಂಗಾರು ಮಳೆ ಜೋರಾಗಿ ಹಿಡಿದು ಮೊಳಕಾಲ್ಮೂರು ಕಡೆಯ ಕೆರೆಗಳೆಲ್ಲ ತುಂಬಿದ್ದವು. ಅಲ್ಲೊಂದು ಕೆರೆಯ ಮೀನು ಗುತ್ತಿಗೆ ಹಿಡಿದವರು ಕರಾವಳಿಯಿಂದ ಹಳೆಯ ಮೋಟಾರು ದೋಣಿ ತಂದಿದ್ದರು. ನಮ್ಮ ಸೀಮೆಯಲ್ಲಿ ದೋಣಿ ಮೋಟಾರು ಕಂಡವರು ಯಾರು? ಹಳೇ ಮೊಪೆಡ್ಡಿನಂತೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಎಂಜಿನ್ ಅದು, ಸ್ಟಾರ್ಟೇ ಆಗುತ್ತಿಲ್ಲ ಎಂದು ದೋಣಿ ನಡೆಸುವ ತಿಪ್ಪೇಸ್ವಾಮಿ ಫೋನ್ ಮಾಡಿದ. ಮಧ್ಯಾಹ್ನ ಹೋಗಿ ಇಳಿದರೆ ಕೆರೆ ಏರಿಯ ಮೇಲೆ ಊರಿಗೆ ಊರೇ ನಿಂತಿತ್ತು.

ನೀರಿನ ನಡುವಿನ ದಿಬ್ಬದ ಮೇಲೆ ಬೋರಯ್ಯ ಎಂಬ ಹಿರಿಯರು ಸಿಕ್ಕಿಕೊಂಡಿದ್ದರು. ದೇವರ ಎತ್ತುಗಳನ್ನು ಕಾಯುವ ಕಿಲಾರಿ ಅವರು. ದೇವರಿಗೆ ಬಿಟ್ಟ ಆ ದನಗಳನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿಯಂತೂ ಅವನ್ನು ಬಿಟ್ಟು ಬರುವ ಮಾತೇ ಇಲ್ಲ. ಬೆಳಿಗ್ಗೆ ಹಳ್ಳ ಉಕ್ಕಿದಾಗ ಉಳಿದ ದನಗಳೆಲ್ಲ ಈಜಿ ದಡ ಸೇರಿದ್ದವು. ಆಗಷ್ಟೇ ಈದ ಹಸುವೊಂದು ತನ್ನ ಕರುವನ್ನು ಬಿಟ್ಟು ಕದಲಲಿಲ್ಲ, ಹಸುವನ್ನು ಬಿಟ್ಟು ಬೋರಯ್ಯ ಕದಲಲಿಲ್ಲ. ಹರಿಗೋಲು ಎರಡು ಸಲ ಹೊರಟು, ಸೆಳೆತಕ್ಕೆ ಸಿಕ್ಕಿ ಕೋಡಿಯ ಕಡೆ ತೇಲಿ, ಹೇಗೋ ವಾಪಸಾಗಿತ್ತು. ದಿಬ್ಬದ ಮೇಲೆ ನೀರು ಅವರ ಮೊಣಕಾಲಿಗೆ ಬಂದಿತ್ತು. ಕರುವನ್ನು ಹೆಗಲ ಮೇಲೆ ಹೊತ್ತು ನಿಂತಿದ್ದರು.

ಗಡಿಬಿಡಿಯಲ್ಲಿ ಕಿಡಿ ಹಾರಿಸುವ ಪ್ಲಗ್ ಬಿಚ್ಚಿದೆ. ಕಾಡಿಗೆಯಷ್ಟು ಕಪ್ಪು, ಮೇಲೆ ಅಂಟಂಟು ಜಿಡ್ಡು. ಮೂಸಿದರೆ ಬೋಂಡ ಕರಿದ ಬಾಣಲೆಯ ವಾಸನೆ.

"ಏಯ್ ತಿಪ್ಪೇಸ್ವಾಮಿ, ಪೆಟ್ರೋಲಿಗೆ ಏನ್ ಹಾಕಿದ್ದೀಯಾ?"

"ಎಣ್ಣೆ ಅಕ್ಕಾ. ಡಬ್ಬಿ ಆಯಿಲ್ ಖಾಲಿ ಆಗಿತ್ತು. ಮನ್ಯಾಗೆ ಗಾಣದ್ದು ಕಡ್ಲೆಕಾಯಿ ಎಣ್ಣೆ ಇತ್ತಲ್ಲ, ಅದನ್ನೇ ಹಾಕ್ದೆ. ಒಳ್ಳೇ ಎಣ್ಣೆ, ಕಲಬೆರಕೆ ಇಲ್ಲ."

ಎಣ್ಣೆ ಮಿಲ್ಲುಗಳ ಸೀಮೆಯಲ್ಲಿ ಹುಟ್ಟಿದವನಿಗೆ ಮಾತ್ರ ಹೊಳೆಯುವ ಬುದ್ಧಿ! ಬೈಯಲೂ ಪುರುಸೊತ್ತಿರಲಿಲ್ಲ. ಟ್ಯಾಂಕು ಖಾಲಿ ಮಾಡಿ, ನನ್ನ ಗಾಡಿಯ ಪೆಟ್ರೋಲು ಬಗ್ಗಿಸಿ, ತಂದಿದ್ದ ಆಯಿಲ್ ಬೆರೆಸಿದೆ. ಪ್ಲಗ್ಗನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಬೆಂಕಿಗೆ ಹಿಡಿದು ಕಾಯಿಸಿ ಹಾಕಿದೆ. ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಇಲ್ಲ. ಹೊಸ ಪ್ಲಗ್ ಹಾಕಿದೆ. ಇಲ್ಲ. ಎಳೆದೆಳೆದು ಅಂಗೈ ಚರ್ಮ ಕಿತ್ತುಬಂತು. ಬಿಚ್ಚಿ ನೋಡಿದರೆ ಪ್ಲಗ್ ಒದ್ದೆ, ಒಳಗೆಲ್ಲ ಪೆಟ್ರೋಲು ತುಂಬಿಕೊಂಡಿತ್ತು.

ಹೀಗಾದಾಗ ಪ್ಲಗ್ ತೆಗೆದಿಟ್ಟು, ಬರಿದೇ ಹಗ್ಗ ಎಳೆದು ಆ ಪೆಟ್ರೋಲನ್ನು ಹೊರಗೆ ಚಿಮ್ಮಿಸಬೇಕು. ಅದಕ್ಕೂ ಮೊದಲು ಪ್ಲಗ್ಗಿನ ತಲೆಗೆ ಸಿಕ್ಕಿಸುವ, ಕಿಡಿ ಕೊಡುವ ವೈರಿನ ಕ್ಯಾಪನ್ನು ದೂರಕ್ಕೆ ಎಳೆದು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಕಟ್ಟಬೇಕು. ಇಲ್ಲದಿದ್ದರೆ ಬೆಂಕಿ ಹತ್ತಿಕೊಳ್ಳುತ್ತದೆ. ಅಬ್ಬಾ ಕಲಿಸಿದ್ದು. ಹಾಗೇ ಕಟ್ಟಿ ಎಳೆಯುತ್ತಿದ್ದೆ. ಏರಿಯ ಮೇಲಿನ ಜನ ಒಮ್ಮೆಲೇ ಕೂಗಿಕೊಂಡರು. ತಲೆಯೆತ್ತಿದರೆ ಬೋರಯ್ಯ ಜಾರಿ ಬಿದ್ದು, ಕರುವಿನ ಸಮೇತ ಮತ್ತೆ ಏಳುತ್ತಿದ್ದರು. ನೀರು ಸೊಂಟದ ಮಟ್ಟ. ಪ್ಲಗ್ ತಿರುಗಿಸಿ ಬಿಗಿದೆ, ಎಂಜಿನ್ನಿನ ಮೇಲಿನ ಮುಚ್ಚಳ ಹಾಕಿದೆ, ಎಳೆದೆ. ಒಂದೇ ಎಳೆತಕ್ಕೆ ಎಂಜಿನ್ ಹಿಡಿಯಿತು.

ತಿಪ್ಪೇಸ್ವಾಮಿ ದೋಣಿ ತಿರುಗಿಸಿದ. ಹೋಗುವಾಗ ಬರುವಾಗ ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ದಿಬ್ಬದ ಹತ್ತಿರ ನಾನು ಕೈ ಚಾಚಿದರೆ ಬೋರಯ್ಯ ಹಿಡಿಯಲೇ ಇಲ್ಲ. "ಮೊದ್ಲು ದೂಡನ ಇಸ್ಕೋ ತಾಯಿ, ಆಮ್ಯಾಲೆ ನಾನು" ಎಂದರು. ಅವರ ಮನೆಮಾತು ತೆಲುಗು, ದೂಡ ಎಂದರೆ ಕರು. ಕರು ದೋಣಿಗೆ ಬಂದದ್ದೇ ಹಸು ತಾನಾಗಿ ನೀರಿಗಿಳಿದು ಹಿಂದೆಯೇ ಈಜಿತು. ಬೋರಯ್ಯನವರ ತಣ್ಣನೆಯ ಕೈ ನನ್ನ ಕೈಗೆ ಸಿಕ್ಕಾಗ ಅಳು ಬಂತು, ಅದನ್ನೇಕೆ ಮುಚ್ಚಿಡಲಿ.

ದಡ ಮುಟ್ಟಿದಾಗ, ನಾನು ನಿಲ್ಲಿಸುವ ಮೊದಲೇ ಎಂಜಿನ್ ನಿಂತಿತು. ಯಾಕಿರಬಹುದು ಎಂದು ಮುಚ್ಚಳ ತೆಗೆದೆ. ಪ್ಲಗ್ಗಿನ ತಲೆ ಬರಿದಾಗಿತ್ತು. ಗೇಣು ದೂರದಲ್ಲಿ ಕ್ಯಾಪು ನಾನು ಕಟ್ಟಿದ ಟ್ಯೂಬಿನ ಪಟ್ಟಿಯಲ್ಲೇ ಇತ್ತು. ಗಂಟು ನನ್ನದೇ. ಅವಸರದಲ್ಲಿ ಬಿಚ್ಚುವುದನ್ನು ಮರೆತಿದ್ದೆ.

ಎಂಜಿನ್ ಕೆಂಪಗೆ ಕಾದಿದ್ದರೆ ಕಿಡಿಯಿಲ್ಲದೆಯೂ ಸ್ವಲ್ಪ ಹೊತ್ತು ಓಡೀತು, ಒಪ್ಪುತ್ತೇನೆ. ಇದು ಕೆರೆ ನೀರಿನಷ್ಟೇ ತಣ್ಣಗಿತ್ತು. ಅಷ್ಟು ದೂರಕ್ಕೆ ಕಿಡಿ ಹಾರುವುದೂ ಸುಳ್ಳು. ಮರುದಿನ ಬೆಳಿಗ್ಗೆ ಹಟ ಹಿಡಿದು ಕ್ಯಾಪನ್ನು ಹಾಗೇ ಕಟ್ಟಿ, ತೋಳು ಬೀಳುವವರೆಗೆ ಎಳೆದೆ. ಉಸಿರೆತ್ತಲಿಲ್ಲ. ಕ್ಯಾಪು ಸಿಕ್ಕಿಸಿದೆ, ಮೂರನೇ ಎಳೆತಕ್ಕೆ ಹೊರಟಿತು.

ಊರವರೋ, ಬೋರಯ್ಯ ಉಳಿದದ್ದು ದೇವರ ಎತ್ತಿನ ಮಹಿಮೆ ಎಂದರು. "ಮಹಿಮೆ ಅಂತೀರಲ್ಲ, ನನ್ನ ಅಂಗೈ ನೋಡ್ರಿ ಮೊದ್ಲು" ಎಂದು ಜಗಳಕ್ಕೇ ನಿಂತೆ. ಕ್ಯಾಪಿನ ವಿಷಯವನ್ನು ಬೋರಯ್ಯನವರೊಬ್ಬರಿಗೆ ಹೇಳಿದೆ. ಅವರು ಕರುವಿನ ಮೈ ಸವರುತ್ತಲೇ, "ಇವರ ಮುಂದೆ ಬಾಯ್ಬಿಡಬ್ಯಾಡ ತಾಯಿ, ನಿನ್ನ ಮೋಟ್ರಿಗೂ ಒಂದು ಗುಡಿ ಕಟ್ತಾರೆ" ಎಂದರು.

ಆ ಓಟವನ್ನು ಯಾವ ಮಹಿಮೆಗೂ ಬಿಟ್ಟುಕೊಡಲು ನಾನು ಇಂದಿಗೂ ತಯಾರಿಲ್ಲ. ಹಗ್ಗ ಎಳೆದವಳು ನಾನು. ಆದರೆ ಓಡಬಾರದ ಎಂಜಿನ್ನಿನ ಪಕ್ಕ ಕೂತು ಹೋಗಿ, ಒಬ್ಬ ಮನುಷ್ಯನನ್ನು ಜೀವಸಹಿತ ಕರೆತಂದದ್ದೂ ನಾನೇ. ಅದು ಯಾಕೆ ಓಡಿತು? ನನಗೆ ಗೊತ್ತಿಲ್ಲ. ನನ್ನ ಗ್ಯಾರೇಜಿಗೆ ಬಂದ ಯಾರೂ ಇಂದಿನವರೆಗೆ ನನ್ನ ಬಾಯಿಂದ "ಗೊತ್ತಿಲ್ಲ" ಎಂಬ ಮಾತು ಕೇಳಿಲ್ಲ.