ಕೂಪರ್ ಅವರ ಫೈಲು, ನಮ್ಮ ಅತ್ತೆಯ ಬಾಯಿ

ಸ್ಯಾನ್ ಡಿಯಾಗೊಗೆ ಬಂದ ಎರಡನೇ ವಾರ. ಕೆಳಗಿನ ಮನೆಯ ಮುದುಕರೊಬ್ಬರು ಬಾಗಿಲು ಬಡಿದರು. ಕೈಯಲ್ಲಿ ದಪ್ಪನೆಯ ಫೈಲು, ಒಂದು ಕಿವಿಗೆ ನೇತಾಡುವ ಮಾಸ್ಕು. ರೊಟ್ಟಿ ಬಡಿಯುವ ಸದ್ದಿಗೆ ಜಗಳಕ್ಕೇ ಬಂದರೇನೋ ಅಂತ ಹಿಟ್ಟಿನ ಕೈಯಲ್ಲೇ ಹೋದೆ. ಅವರು ಸದ್ದಿನ ಸುದ್ದಿ ಎತ್ತಲಿಲ್ಲ. ‘ನಿಮ್ಮ ಅಂಚೆ ಡಬ್ಬಿಯ ಮೇಲೆ ಬಡಿಗೇರ ಅಂತ ಇದೆ, ರಂಗಪ್ಪ ಅಂತಲೂ ಇದೆ. ಈ ಹೆಸರಿನಲ್ಲಿ ಪ್ರಸಿದ್ಧರಾದವರು ಯಾರ್ಯಾರಿದ್ದಾರೆ?’ ಅಂತ ಕೇಳಿದರು. ಹೆಪ್ಪಿಗೆ ಮೊಸರು ಕೇಳುವಷ್ಟು ಸಲೀಸಾಗಿ ಕೇಳಿದರು!

ಅವರ ಹೆಸರು ಕೂಪರ್. ಕೂಪರ್ ಎಂದರೆ ಹಿಂದಿನ ಕಾಲದಲ್ಲಿ ಮರದ ಪೀಪಾಯಿ ಮಾಡುವವನು. ಇಂಗ್ಲಿಷರ ನಾಡಿನಲ್ಲಿ ಊರಿಗೊಬ್ಬ ಇರುತ್ತಿದ್ದನಂತೆ, ಹಾಗಾಗಿ ಈಗ ಎಲ್ಲಿ ನೋಡಿದರೂ ಕೂಪರ್‌ಗಳು. ಅವರ ಫೈಲಿನ ತುಂಬ ಅಂಥವರೇ. ಒಬ್ಬ ಮುಷ್ಟಿಕಾಳಗದವನು, ಒಬ್ಬಳು ವೈದ್ಯೆ, ಯಾವುದೋ ಊರಿನ ಮೇಯರು, ಸೈಕಲ್ ಸವಾರ, ನಡುವೆ ಒಬ್ಬ ಕಳ್ಳನೂ ಇದ್ದ. ಪೇಪರಿನಿಂದ ಕತ್ತರಿಸಿ, ಅಂಟಿಸಿ, ಕೆಳಗೆ ನೀಟಾಗಿ ಬರೆದಿಟ್ಟಿದ್ದರು. ‘ಇವರೆಲ್ಲ ನಿಮಗೆ ಏನಾಗಬೇಕು?’ ಎಂದೆ. ‘ಏನೂ ಆಗಬೇಕಿಲ್ಲ’ ಎಂದು ನಕ್ಕರು. ಸಂಬಂಧವೇ ಇಲ್ಲದವರ ಬಗ್ಗೆ ಇಷ್ಟು ಅಭಿಮಾನವೇ ಎಂದು ನನಗೆ ತಲೆ ತಿರುಗಿತು.

ಆದರೂ ಆ ಮುದುಕರನ್ನು ಕಂಡರೆ ಖುಷಿಯಾಗುತ್ತಿತ್ತು. ಅದಕ್ಕೂ ಮೊದಲು ಒಂದು ವರ್ಷ ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿದ್ದೆವು. ಲಾಕ್‌ಡೌನ್ ಕಾಲ. ಎದುರು ಮನೆಯವರ ನಾಯಿಯ ಹೆಸರು ಗೊತ್ತಾಯಿತೇ ಹೊರತು ಅವರ ಹೆಸರು ಗೊತ್ತಾಗಲಿಲ್ಲ. ನಮ್ಮ ಬಾಗಲಕೋಟೆ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಟಿಕೆಟ್ ತೆಗೆಸುವುದರೊಳಗೆ ‘ಯಾರ ಪೈಕಿರಿ, ಅಡ್ಡಹೆಸರೇನ್ರಿ?’ ಅಂತ ಕೇಳುತ್ತಾರೆ. ಅಲ್ಲಿದ್ದಾಗ ಅದು ಕಿರಿಕಿರಿ ಎನಿಸುತ್ತಿತ್ತು. ಇಲ್ಲಿ ಯಾರೂ ಕೇಳದೆ ಇದ್ದಾಗ ನಾನೇ ಇಲ್ಲವೇನೋ ಅನ್ನಿಸಿಬಿಟ್ಟಿತ್ತು. ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಬಡಿಗೇರ ಎಂದರೆ ಮರಗೆಲಸದವರು ಅಂತ ಹೇಳಿದ್ದೇ ತಡ, ಕೂಪರ್ ಅಂಕಲ್ ನನ್ನನ್ನು ಸಹೋದ್ಯೋಗಿ ಎಂದೇ ಕರೆಯತೊಡಗಿದರು. ತೊಡಕಿದ್ದದ್ದು ನನ್ನ ಗಂಡನ ಹೆಸರಿನಲ್ಲಿ. ಮಂಜು ಮಂಡ್ಯ ಕಡೆಯವನು. ಅವರಲ್ಲಿ ಅಡ್ಡಹೆಸರೇ ಇಲ್ಲ, ಮಂಜುನಾಥ ಆರ್., ಅಷ್ಟೇ. ಪಾಸ್‌ಪೋರ್ಟಿಗೆ ಲಾಸ್ಟ್ ನೇಮ್ ಬೇಕೇ ಬೇಕು ಎಂದಾಗ ಆ ‘ಆರ್’ ಅನ್ನು ಬಿಡಿಸಿ ರಂಗಪ್ಪ ಎಂದು ಬರೆಸಿದ. ಅದು ಅವನ ಅಪ್ಪನ ಹೆಸರು. ಹೀಗೆ ಊರಲ್ಲಿ ಬಸ್ ಕಂಡಕ್ಟರಾಗಿದ್ದು, ನಮ್ಮ ಮದುವೆಗೆ ಮೊದಲೇ ತೀರಿಕೊಂಡ ನನ್ನ ಮಾವ ಅಮೆರಿಕದಲ್ಲಿ ಒಂದು ಮನೆತನವಾಗಿಬಿಟ್ಟರು. ಆಫೀಸಿನಲ್ಲಿ ಮಂಜುವನ್ನು ಮಿಸ್ಟರ್ ರಂಗಪ್ಪ ಎಂದರೆ ಮೊದಮೊದಲು ಹಿಂದಿರುಗಿ ನೋಡುತ್ತಿದ್ದನಂತೆ, ಅಪ್ಪ ಬಂದರೇ ಅಂತ.

ನಾನು ಬಸುರಿಯಾಗಿ, ಹೆಣ್ಣುಮಗು ಎಂದು ಸ್ಕ್ಯಾನಿನಲ್ಲಿ ಹೇಳಿದಾಗ ಪ್ರಶ್ನೆ ಎದ್ದಿತು. ಇಲ್ಲಿ ಮಗು ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಹೆಸರು, ಲಾಸ್ಟ್ ನೇಮು ಎರಡನ್ನೂ ಬರೆಸಬೇಕು. ಹನ್ನೆರಡನೇ ದಿನ ತೊಟ್ಟಿಲು ಕಟ್ಟಿ, ಕಿವಿಯಲ್ಲಿ ಊದುವವರೆಗೆ ಕಾಯುವ ಪದ್ಧತಿ ಇಲ್ಲ.

‘ಬಡಿಗೇರ ಅಂತ ಇಡೋಣು’ ಎಂದೆ. ‘ಅದು ಖರೇ ಅಡ್ಡಹೆಸರು. ಮುತ್ತಜ್ಜನಿಂದ ಬಂದದ್ದು. ನಿಂದು ಒಬ್ಬ ಮನಶಾನ ಹೆಸರು, ಹುಡುಗಿಗೆ ಹೆಂಗ ಹಚ್ತೀ?’

‘ಆ ಮನುಷ್ಯ ನಮ್ಮಪ್ಪ ಕಣೇ’ ಎಂದ ಮಂಜು. ಅವನ ಮುಖ ಸಣ್ಣದಾಯಿತು. ಆ ಮೇಲೆ ಎರಡು ದಿನ ಇಬ್ಬರೂ ಬೇರೆಬೇರೆ ಹೊತ್ತಿಗೆ ಊಟ ಮಾಡಿದೆವು.

ಬಾಣಂತನಕ್ಕೆ ಅತ್ತೆ ನಿಂಗಮ್ಮ ಬಂದರು. ಮಾರನೆಯ ಬೆಳಗ್ಗೆ ಮೆಟ್ಟಿಲ ಬಳಿ ಕೂಪರ್ ಅಂಕಲ್ ಎದುರಾಗಿ, ಟೋಪಿ ಎತ್ತಿ, ‘ಗುಡ್ ಮಾರ್ನಿಂಗ್ ಮಿಸೆಸ್ ರಂಗಪ್ಪ!’ ಎಂದು ಜೋರಾಗಿ ಕೂಗಿದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು.

‘ಅಯ್ಯೋ, ಆ ಬಿಳಿ ಮುದುಕಂಗೆ ನಿಮ್ ಮಾವನ ಹೆಸ್ರು ಹೆಂಗವ್ವಾ ಗೊತ್ತಾಯ್ತು?’

ಅತ್ತೆ ಗಂಡನ ಹೆಸರು ಹೇಳುವವರಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವರಿಗೆ ಹದಿನಾರನೇ ವಯಸ್ಸಿನಲ್ಲಿ ಕಲಿಸಿದ್ದರು. ಮಾವ ಹೋಗಿ ವರ್ಷಗಳಾದರೂ ಬಾಯಿಯ ಕಟ್ಟು ಬಿಟ್ಟಿರಲಿಲ್ಲ. ರಂಗೋಲಿಗೆ ‘ಬಾಗ್ಲು ಬರೆಯೋ ಪುಡಿ’ ಎನ್ನುತ್ತಿದ್ದರು. ಶ್ರೀರಂಗಪಟ್ಟಣ ಬರೀ ‘ಪಟ್ಣ’. ಅದನ್ನು ಕಂಡು ನನಗೆ ಒಳಗೊಳಗೇ ಹಿಗ್ಗು. ಮೊಮ್ಮಗಳಿಗೆ ಆ ಹೆಸರು ಬೇಡ ಎಂದು ಅವರೇ ಹೇಳುತ್ತಾರೆ, ನನ್ನ ಕೆಲಸ ಹಗುರ! ಕೇಳಿಯೂ ಬಿಟ್ಟೆ. ‘ದಿನಾ ಕೂಗೋ ಹೆಸ್ರು, ನಾನು ಹೆಂಗ್ ಕರೀಲಿ? ನಿಮ್ದೇ ಮಡಗಿ’ ಎಂದರು. ಮಂಜು ತಟ್ಟೆ ಬಿಟ್ಟು ಎದ್ದು ಹೋದ.

ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಗಲು ಎಲ್ಲರೂ ಲ್ಯಾಬಿಗೋ ಕಾಲೇಜಿಗೋ ಹೋಗಿರುತ್ತಾರೆ. ಉಳಿಯುವವರು ಕೂಪರ್ ಅಂಕಲ್, ಅತ್ತೆ, ಹೆರಿಗೆ ರಜೆಯಲ್ಲಿದ್ದ ನಾನು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಅಂಕಲ್ ಅತ್ತೆಗೆ ಫೈಲು ತೋರಿಸಿದರು. ನಡುವೆ ನಾನು ದುಭಾಷಿ. ಕಳ್ಳನ ಪುಟ ಬಂದಾಗ ಅತ್ತೆ ‘ಇವ್ನ್ಯಾಕೆ ಮಡಗವ್ರೆ?’ ಎಂದು ಮೂಗು ಮುರಿದರು. ಆಮೇಲೆ ಕೇಳಿದರು, ‘ಇದ್ರಲ್ಲಿ ಇವ್ರ ಅಪ್ಪ ಯಾರು, ಕೇಳವ್ವ.’

ಇರಲಿಲ್ಲ. ಅವರಪ್ಪ ಇಲ್ಲೇ ಹತ್ತಿರದ ಕಾರ್ಲ್ಸ್‌ಬಾಡ್ ಊರಿನಲ್ಲಿ ನಲ್ಲಿ ರಿಪೇರಿ ಮಾಡುತ್ತಿದ್ದರಂತೆ. ಯಾವ ಪೇಪರಿನಲ್ಲೂ ಬಂದವರಲ್ಲ. ‘ಆದರೆ ಎಲ್ಲಿಯಾದರೂ ಕೂಪರ್ ಎಂದು ಅಚ್ಚಾಗಿದ್ದು ಕಂಡರೆ ಅಪ್ಪನನ್ನು ಯಾರೋ ಕರೆದಂತಾಗುತ್ತದೆ’ ಎಂದರು ಅಂಕಲ್. ‘ನನಗೆ ಮಕ್ಕಳಿಲ್ಲ. ನಾನು ಹೋದ ಮೇಲೆ ನಮ್ಮ ಮನೆಯಲ್ಲಿ ಕರೆಯುವವರಿಲ್ಲ. ಹೊರಗಿನವರಾದರೂ ಕರೆಯಲಿ.’

ಕನ್ನಡದಲ್ಲಿ ಹೇಳಿದೆ. ಸಂಜೆ ಸೊಪ್ಪು ಬಿಡಿಸುತ್ತ ಅತ್ತೆ ತಮ್ಮಷ್ಟಕ್ಕೆ ಅಂದರು, ‘ನಾನು ಕರೀನಿಲ್ಲ. ಮಗ ಅಪ್ಪ ಅಂದ. ಊರೋರೆಲ್ಲ ಕಂಡಕ್ಟ್ರೇ ಅಂದ್ರು. ಅಷ್ಟ್ ಒಳ್ಳೆ ಹೆಸ್ರ ಯಾರೂ ಬಾಯ್ತುಂಬ ಕರೀನೇ ಇಲ್ವಲ್ಲ.’ ನಾನು ಕೇಳಿಸದವಳಂತೆ ಕೂತಿದ್ದೆ. ಗೆಲ್ಲುವ ಆಸೆ ಅಷ್ಟಿತ್ತು.

ಮಗಳು ಹುಟ್ಟಿದಳು. ಇಲ್ಲಿನ ಆಸ್ಪತ್ರೆಗಳಲ್ಲಿ ಹಸುಗೂಸಿನ ಕೈಪಟ್ಟಿಗೆ ತಾಯಿಯ ಲಾಸ್ಟ್ ನೇಮ್ ಹಾಕುತ್ತಾರೆ. ‘ಬೇಬಿ ಗರ್ಲ್ ಬಡಿಗೇರ’ ಎಂದು ಓದಿ ಕಣ್ಣು ತುಂಬಿತು. ಮೂರನೇ ದಿನ, ಮಂಜು ಕಾರು ತರಲು ಕೆಳಗೆ ಹೋಗಿದ್ದ. ಜನನ ಪತ್ರದ ಅರ್ಜಿ ಹಿಡಿದು ಒಬ್ಬ ಹೆಂಗಸು ಬಂದು, ಪೆನ್ನು ನನ್ನ ಕೈಗೆ ಕೊಟ್ಟಳು.

‘ಫಸ್ಟ್ ನೇಮ್?’

‘ನೀಲಾ’ ಎಂದೆ. ಅದರಲ್ಲಿ ತಕರಾರಿರಲಿಲ್ಲ.

‘ಲಾಸ್ಟ್ ನೇಮ್?’

ನಾನು ಬಾಯಿ ತೆರೆಯುವಷ್ಟರಲ್ಲಿ ಮೂಲೆಯ ಕುರ್ಚಿಯಿಂದ ದನಿ ಬಂತು. ‘ರಂಗಪ್ಪ.’

ಅತ್ತೆ ಎದ್ದು ನಿಂತಿದ್ದರು. ಆ ಹೆಂಗಸಿಗೆ ಅರ್ಥವಾಗಲಿಲ್ಲ, ‘ಸಾರಿ?’ ಎಂದಳು. ‘ರಂಗಪ್ಪ’ ಎಂದರು ಮತ್ತೆ, ಈ ಸಲ ಗಟ್ಟಿಯಾಗಿ. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನನ್ನು ನೋಡಿದರು.

‘ತಪ್ಪಾಯ್ತು ಕಣವ್ವ. ನಿನ್ನ ಕೇಳ್ದೆ ಹೇಳ್ಬುಟ್ಟೆ.’

ಸಿಟ್ಟು ಬಂತು, ನಿಜ. ಒಂಬತ್ತು ತಿಂಗಳು ಹೊತ್ತವಳು ನಾನು. ಇಲ್ಲ ಎಂದುಬಿಡಬಹುದಿತ್ತು, ಪೆನ್ನು ನನ್ನ ಕೈಯಲ್ಲೇ ಇತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಗಂಡನ ಹೆಸರು ಹೇಳಿದ ಹೆಂಗಸಿನ ಎದುರು ಅದನ್ನು ಬಿಟ್ಟು ಬೇರೆ ಬರೆಯಲು ಕೈ ಏಳಲಿಲ್ಲ. ನಡುವಿನ ಹೆಸರಿನ ಖಾನೆಯಲ್ಲಿ ಬಡಿಗೇರ ಎಂದು ಬರೆದೆ, ಕೊನೆಯ ಖಾನೆಯಲ್ಲಿ ರಂಗಪ್ಪ. ‘ತಪ್ಪೇನಿಲ್ರಿ ಅತ್ತಿ, ಕೂಡ್ರಿ’ ಎಂದೆ. ಮಂಜು ಬಂದಾಗ ಅತ್ತೆ ಸೊಸೆ ಇಬ್ಬರೂ ಅಳುತ್ತಿದ್ದೆವು. ಅವನು ಮಗುವಿಗೇ ಏನೋ ಆಯಿತೆಂದು ಗಾಬರಿಯಾದ.

ಆಮೇಲಿನ ನಾಲ್ಕು ತಿಂಗಳು ಅತ್ತೆಗೆ ಅದೇ ಹಬ್ಬ. ಮಗುವಿನ ಡಾಕ್ಟರ ಬಳಿ ನರ್ಸು ‘ರಂಗಪ್ಪ’ ಎಂದು ಕೂಗಿದರೆ ಎಲ್ಲರಿಗಿಂತ ಮೊದಲು ಅವರೇ ಎದ್ದು ನಿಲ್ಲುತ್ತಿದ್ದರು. ಎಣ್ಣೆ ಹಚ್ಚುವಾಗ ‘ಏನಮ್ಮಾ ರಂಗಪ್ಪಾ, ಕಾಲು ಸುಮ್ಕಿಟ್ಕೊ’ ಎಂದು ಗದರುತ್ತಿದ್ದರು. ಕೂಪರ್ ಅಂಕಲ್ ಫೈಲಿನಲ್ಲಿ ಹೊಸ ಹಾಳೆ ಸೇರಿಸಿ, ‘ರಂಗಪ್ಪ, ಬಸ್ ಕಂಡಕ್ಟರ್’ ಎಂದು ಬರೆದುಕೊಂಡರು.

ನನಗೆ ಒಂದು ಮುಳ್ಳು ಉಳಿದಿದೆ. ಕ್ಲಿನಿಕ್ಕಿನಲ್ಲಿ ಹೆಸರು ನೋಡಿ ‘ನೀವು ಮಗುವಿಗೆ ಏನಾಗಬೇಕು?’ ಎಂದು ಕೇಳುತ್ತಾರೆ. ತಾಯಿ ಎನ್ನುತ್ತೇನೆ. ಬಾಗಲಕೋಟೆಯಿಂದ ಫೋನ್ ಮಾಡಿ ‘ರಂಗಪ್ಪ ಅಂದ್ರ ಯಾರ ಪೈಕಿ?’ ಎಂದು ನನ್ನ ತಮ್ಮನೇ ಕೇಳಿದ. ಎರಡೂ ಕಡೆ ಉತ್ತರ ಕೊಡುವ ಕೆಲಸ ನನ್ನದು.

ಅತ್ತೆ ಊರಿಗೆ ಮರಳಿ ಈಗ ವರ್ಷವಾಗುತ್ತ ಬಂತು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ‘ನಿನ್ ಮಗಳು ಹೆಂಗವ್ಳೆ?’ ಎಂದರು. ರೇಗಿಸೋಣ ಅಂತ ನಾನು, ‘ಪೂರಾ ಹೆಸರು ಹಿಡದ ಕರೀರಿ ಅತ್ತಿ, ಬರ್ತಾಳ’ ಎಂದೆ.

ಅತ್ತೆ ತಟ್ಟನೆ ಸೆರಗು ಬಾಯಿಗೆ ತಂದು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದರು. ‘ಸುಮ್ಕಿರವ್ವ. ಇದು ನಿಮ್ ಮಾವನ ಮನೆ. ಇಲ್ಲಿ ಹೆಂಗೆ ಕರೀಲಿ? ಅಲ್ಲಿಗೇ ಬಂದು ಕರೀತೀನಿ.’