ಸಾವಿನ ಮನೆ ಮುಂದೆ ಬೋಂಡಾ ವಾಸನೆ

ಆಗ ಬಂಕಿನಲ್ಲಿ ಡೀಸೆಲ್ ಸಿಗುತ್ತಿರಲಿಲ್ಲ. ನನ್ನ ಗಂಡ ಇದ್ದಬದ್ದ ಡೀಸೆಲ್‌ಗೆ ಗಾಣದ ಶೇಂಗಾ ಎಣ್ಣೆ ಬೆರೆಸಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಹೊಗೆಯೆಲ್ಲ ಬೋಂಡಾ ಕರಿದ ವಾಸನೆ.

ಹೊನ್ನಾಳಿಯಲ್ಲಿ ಅಕ್ಕನ ಗಂಡ ತೀರಿಕೊಂಡ ಸುದ್ದಿ ಬಂತು. ಬಸ್ಸಿಗೆ ಕಾಯದೆ ನಮ್ಮೂರು ತ್ಯಾವಣಿಗೆಯಿಂದ ಟ್ರ್ಯಾಕ್ಟರಿನಲ್ಲೇ ಹೋದೆವು. ಹೆಣ ಎತ್ತುವ ತನಕ ಆ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ, ಮಕ್ಕಳು ಹಸಿದಿದ್ದವು. ನಾನು ಅಳುತ್ತ ಇಳಿದರೆ ಅಕ್ಕನ ಚಿಕ್ಕ ಮಗಳು ಓಡಿ ಬಂದು ಸೆರಗು ಹಿಡಿದಳು.

"ಚಿಕ್ಕಮ್ಮಾ, ಬೋಂಡಾ ತಂದೀಯೇನು?"

ಹೆಣದ ತಲೆಯ ಹತ್ತಿರ ಕೂತಿದ್ದ ಅಕ್ಕನ ಅತ್ತೆ ಅಳು ನಿಲ್ಲಿಸಿದಳು. "ಯಾವಳೇ ಅವಳು, ನನ್ನ ಮಗ ಸತ್ತ ದಿನ ಎಣ್ಣೆ ಕಾಸಾಕೆ ಕೂತೋಳು?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಟ್ರ್ಯಾಕ್ಟರ್ ಇನ್ನೂ ಬಾಗಿಲ ಮುಂದೆ ಹೊಗೆ ಉಗುಳುತ್ತಿತ್ತು, ಗಂಡನ ಹತ್ತಿರ ಓಡಿದೆ.

"ರೀ, ಮೊದ್ಲು ಆಫ್ ಮಾಡ್ರೀ ಅದನ್ನ."

"ಮಾಡಿದ್ರೆ ಮತ್ತೆ ಚಾಲೂ ಆಗಾಕಿಲ್ಲ ಕಣೇ. ಎಣ್ಣೆ ತಣ್ಣಗಾದ್ರೆ ಮುಗೀತು."

"ಹಾಳಾಗಿ ಹೋಗ್ಲಿ, ಮಾಡ್ರಿ."

ಮಾಡಿದ. ಅವನು ಹೇಳಿದಂತೆಯೇ ಆಯಿತು. ಚಟ್ಟ ಹೊರಡುವಾಗ ಓಣಿಗೆ ಅಡ್ಡವಾಗಿ ನಮ್ಮ ಟ್ರ್ಯಾಕ್ಟರ್ ನಿಂತಿತ್ತು, ಎಷ್ಟು ಮಾಡಿದರೂ ಚಾಲೂ ಆಗಲಿಲ್ಲ. ಹೊತ್ತವರು ಭಾವನನ್ನು ಮತ್ತೆ ನೆಲಕ್ಕಿಳಿಸಿ ಅದನ್ನು ತಳ್ಳಲು ಬಂದರು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಮುಖ ತೋರಿಸಲಾರದೆ ನಾನೂ ಹೋಗಿ ತಲೆ ಬಗ್ಗಿಸಿ ತಳ್ಳಿದೆ.