ನೀಲಗಿರಿ ತೋಪಿನಲ್ಲಿ ಮೂರು ಸೀಟಿ

ಆ ಆಟದ ನಿಯಮಗಳನ್ನು ಬರೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದು ನಿಯಮ ಗೊತ್ತಿಲ್ಲದೆ ಮಾಡಿದ ತಪ್ಪು ಅಂತ ಯಾರೂ ತಿಳಿಯಬಾರದು.

ಹೊಸೂರಿನ ನಮ್ಮ ಬಡಾವಣೆಯಲ್ಲಿ ಕಾರ್ಖಾನೆ ಕೆಲಸದಿಂದ ನಿವೃತ್ತರಾದ ಕನ್ನಡದ ಮನೆಗಳು ಇಪ್ಪತ್ತರ ಮೇಲಿವೆ. ಸಂಕ್ರಾಂತಿ ಕಳೆದ ಭಾನುವಾರ ಎಲ್ಲರೂ ಸೇರಿ ಎರಡು ವ್ಯಾನು ಮಾಡಿಕೊಂಡು ಡೆಂಕಣಿಕೋಟೆಯಾಚೆ ಇರುವ ನಮ್ಮ ತೋಪಿಗೆ ಹೋಗುವುದು ರೂಢಿ. ತೋಪು ನಮ್ಮಪ್ಪನ ಕಾಲದ್ದು, ಈಗ ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಮೂರು ಎಕರೆಯಷ್ಟು ನೀಲಗಿರಿ, ನಡುನಡುವೆ ಜಾಲಿ, ಆಳೆತ್ತರದ ಲಂಟಾನ ಪೊದೆ. ಬಡಗಣ ಅಂಚಿಗೆ ಆನೆ ಕಂದಕ, ಅದರಾಚೆ ಕಾಡು. ರಾಗಿ ಕೊಯ್ಲಿನ ಕಾಲಕ್ಕೆ ಆ ಕಡೆ ಆನೆಗಳು ಬರುತ್ತವೆ. ಆದರೆ ಹಗಲಲ್ಲಿ ಕಂದಕ ದಾಟುವುದು ಅಪರೂಪ. ಆ ಭಾನುವಾರ ಬೆಳಗ್ಗೆ ತಮ್ಮ ಒಂದು ಸುತ್ತು ಹಾಕಿ ನೋಡಿದ ಮೇಲೆಯೇ ನಾವು ಒಳಗೆ ಹೋಗುತ್ತಿದ್ದೆವು.

ಆಟ ಕಷ್ಟದ್ದಲ್ಲ. ಎರಡು ಕಡೆ, ಒಂದೊಂದು ಕಡೆಗೆ ಹನ್ನೆರಡು ಜನ, ದೊಡ್ಡವರು ಮಕ್ಕಳು ಎಲ್ಲ ಸೇರಿ. ಕಾರ್ಖಾನೆಯಲ್ಲಿ ಕೈ ಒರೆಸಿಕೊಳ್ಳಲು ಕೊಡುತ್ತಿದ್ದರಲ್ಲ, ಬನಿಯನ್ ವೇಸ್ಟು, ಅಂಥದ್ದನ್ನೇ ತಂದು ಗೇಣುದ್ದದ ಪಟ್ಟಿಗಳಾಗಿ ಹರಿದು, ಒಂದು ಕಡೆಯವರಿಗೆ ಕೆಂಪು, ಇನ್ನೊಂದು ಕಡೆಯವರಿಗೆ ಬಿಳಿ. ಪಟ್ಟಿಯನ್ನು ಸೊಂಟದ ಹಿಂದೆ ಸಿಕ್ಕಿಸಿಕೊಳ್ಳಬೇಕು, ಗಂಟು ಹಾಕುವಂತಿಲ್ಲ. ಎದುರು ಕಡೆಯವರು ಎಳೆದುಕೊಂಡರೆ ಔಟು. ಔಟಾದವರು ದಾರಿ ಬದಿಯ ಹುಣಸೆ ಮರದಡಿ ಬಂದು ಕೂರಬೇಕು, ಒಳಗಿರುವವರು ಎಲ್ಲಿ ಅಡಗಿದ್ದಾರೆಂದು ಬಾಯಿ ಬಿಡಬಾರದು. ಮೈ ಮುಟ್ಟಿ ತಳ್ಳುವಂತಿಲ್ಲ, ಮರ ಹತ್ತುವಂತಿಲ್ಲ. ಯಾವ ಕಡೆಯವರು ಪೂರ್ತಿ ಹೊರಬೀಳುತ್ತಾರೋ ಅವರು ಸೋತ ಹಾಗೆ.

ಇದಲ್ಲದೆ ಒಂದು ನಿಯಮವನ್ನು ನಾನು ಕೆಂಪು ಮಸಿಯಲ್ಲಿ ಬರೆದಿದ್ದೆ. ಎರಡೂ ಕಡೆಯ ಮುಖ್ಯಸ್ಥರ ಕೈಯಲ್ಲಿ ಒಂದೊಂದು ಸೀಟಿ ಇರಬೇಕು. ಆನೆಯ ಸುಳಿವು ಕಂಡರೆ ಮೂರು ಸಲ ಊದಬೇಕು. ಆಗ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಊರಿನವನು ಹೋಗಿ ನೋಡಿ ಹೇಳಬೇಕು. ಸುಳಿವು ನಿಜವಾದರೆ ಆಟ ಅಲ್ಲಿಗೇ ಮುಗಿಯಿತು, ಗೆದ್ದವರಿಲ್ಲ, ಸೋತವರಿಲ್ಲ, ಎಲ್ಲರೂ ಸದ್ದಿಲ್ಲದೆ ದಾರಿಗೆ ಬಂದು ವ್ಯಾನು ಹತ್ತಬೇಕು. ಸುಳ್ಳಾದರೆ ಊದಿದವನು ಔಟು, ಮುಂದೆಂದೂ ಅವನ ಕೈಗೆ ಸೀಟಿ ಕೊಡುವಂತಿಲ್ಲ.

ಊರಿನವನು ಅಂದರೆ ನಾನು. ಬಿಳಿ ಕಡೆಯ ಮುಖ್ಯಸ್ಥನೂ ನಾನೇ. ಆಡುವವನೇ ತೀರ್ಪು ಕೊಡುವವನೂ ಆಗಬಾರದು ಅಂತ ಯಾರಿಗೂ ಹೊಳೆಯಲಿಲ್ಲ. ಆನೆ ವಿಷಯದಲ್ಲಿ ಕಾಡಂಚಿನವನು ಸುಳ್ಳಾಡಿಯಾನು ಅಂತ ಯಾರು ತಾನೇ ಎಣಿಸುತ್ತಾರೆ?

ಕೆಂಪು ಕಡೆಯ ಮುಖ್ಯಸ್ಥ ನನ್ನ ಗೆಳೆಯ. ಕೋಲಾರದ ಕಡೆಯವನು. ಇಬ್ಬರೂ ಒಂದೇ ವರ್ಷ ಒಂದೇ ಕಾರ್ಖಾನೆಗೆ ಸೇರಿದವರು. ನಾನು ಲೇತ್ ಮೇಲೆ, ಅವನು ಇನ್‌ಸ್ಪೆಕ್ಷನ್‌ನಲ್ಲಿ. ನಾವು ಮಾಡಿದ ಪೀಸುಗಳನ್ನು ವರ್ನಿಯರ್ ಹಿಡಿದು ಅಳೆದು, ಇದು ಸರಿ, ಇದು ತೆಗೆದಿಡಿ ಅನ್ನುವುದು ಅವನ ಕೆಲಸ. ಅವನು ಸರಿ ಅಂದದ್ದನ್ನು ಇನ್ನೊಬ್ಬ ತಿರುಗಿ ಅಳೆಯುತ್ತಿರಲಿಲ್ಲ. ಒಮ್ಮೆ ನನ್ನ ಒಂದು ಇಡೀ ಟ್ರೇ ತೆಗೆದಿಟ್ಟ. ಗೆಳೆಯ ಅಂತ ಬಿಟ್ಟುಕೊಡಲಿಲ್ಲ. ಅವನು ಮಾಡಿದ್ದು ನ್ಯಾಯವೇ, ಟೂಲ್ ಸವೆದದ್ದನ್ನು ನಾನು ನೋಡಿಕೊಂಡಿರಲಿಲ್ಲ. ಆದರೂ ಅವತ್ತು ಹುಟ್ಟಿದ ಉರಿ ನಿವೃತ್ತನಾದರೂ ಆರಲಿಲ್ಲ.

ತೋಪಿನಲ್ಲಿ ಅದು ಇನ್ನೂ ಹೆಚ್ಚಾಯಿತು. ತೋಪು ನಮ್ಮದು, ನಿಯಮ ನನ್ನದು, ಎಸ್ಸೆಸ್ಸೆಲ್ಸಿಯಲ್ಲಿ ಮೆಚ್ಚುಗೆ ಪಡೆದ ನನ್ನ ಕೈಬರಹದಲ್ಲಿ ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ತಮಿಳು. ಆದರೆ ಮಕ್ಕಳಿಗೆಲ್ಲ ಅವನ ಕಡೆಯೇ ಬೇಕು. ಅವನು ನಾಲ್ಕು ವರ್ಷ ಸತತ ಗೆದ್ದ. ಗೆದ್ದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ಅವನು ಗೆಲ್ಲುತ್ತಿದ್ದ ರೀತಿ. ಮಂಡಿ ನೋವಿನ ಮುದುಕಿಯರನ್ನು ಸಹ ಒಳ್ಳೆಯ ಪೊದೆ ನೋಡಿ ಕೂರಿಸಿ, ಕೊನೆಯವರೆಗೂ ಉಳಿಸುತ್ತಿದ್ದ. ಔಟಾದವರು ನಗುನಗುತ್ತ ಬರುತ್ತಿದ್ದರು. ನನ್ನ ಕಡೆಯವರು ಔಟಾದರೆ ಮುಖ ಇಳಿಬಿಟ್ಟುಕೊಂಡು ಬರುತ್ತಿದ್ದರು, ನಾನು ಬೈಯುತ್ತೇನೆ ಅಂತ. ಈ ನಾಲ್ಕು ವರ್ಷಕ್ಕೂ ಮುಂಚೆ ಒಂದು ಸಲ ಅವನಿಗೆ ಜ್ವರ ಬಂದು ಆಡಲಿಲ್ಲ, ಬರೀ ಮರದಡಿ ಕೂತಿದ್ದ. ಊಟ ಬಡಿಸುವಾಗ ನನ್ನ ಹೆಂಡತಿ, ನಿಮ್ಮ ಗೆಳೆಯರು ಆಡಿಸಿದರೇನೇ ಆಟಕ್ಕೆ ಕಳೆ ಕಣ್ರೀ ಅಂದಳು. ಅವಳು ಬೇರೇನೂ ಮನಸ್ಸಿನಲ್ಲಿಟ್ಟು ಅಂದದ್ದಲ್ಲ. ನಾನು ಅರ್ಧಕ್ಕೇ ಎಲೆ ಮಡಿಚಿ ಎದ್ದುಬಿಟ್ಟೆ.

ಎರಡು ವರ್ಷದ ಹಿಂದಿನ ಸಂಕ್ರಾಂತಿಗೆ ನನ್ನ ಮಗಳ ಮಗಳು ಮೊದಲ ಸಲ ಆಡಲು ಬಂದಳು. ಹನ್ನೊಂದು ವರ್ಷ. ಬಿಳಿ ಪಟ್ಟಿಯನ್ನು ನಾನೇ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮಡಿಚಿ ನನ್ನ ಜೇಬಿಗೆ ತುರುಕಿ, "ತಾತಾ, ನಾನು ಆ ತಾತನ ಕಡೆ" ಅಂತ ಓಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಏನಾಯಿತು ಅನ್ನುವುದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಅವಳ ಮೇಲೇ ಸಿಟ್ಟು ಬಂತು.

ಅವತ್ತು ಮಾತ್ರ ಆಟ ನನ್ನ ಕಡೆ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಬಿಳಿಯಲ್ಲಿ ಆರು ಜನ ಉಳಿದಿದ್ದೆವು, ಕೆಂಪಿನಲ್ಲಿ ಇಬ್ಬರೇ, ಅವನು ಮತ್ತು ನನ್ನ ಮೊಮ್ಮಗಳು. ಐದು ವರ್ಷದಲ್ಲಿ ಮೊದಲ ಗೆಲುವು ಕೈಗೆ ಎಟುಕುವಷ್ಟು ಹತ್ತಿರ. ಆಗ ಕಂದಕದ ಕಡೆಯಿಂದ ಮೂರು ಸಲ ಸೀಟಿ ಕೇಳಿತು.

ಎಲ್ಲರೂ ನಿಂತರು. ನಾನು ಹೋದೆ. ಅವನು ಕಂದಕದಿಂದ ಹತ್ತು ಹೆಜ್ಜೆ ಈಚೆಗೆ ಬಗ್ಗಿ ನಿಂತಿದ್ದ. ದನಿ ತಗ್ಗಿಸಿ, "ಇಲ್ನೋಡ್ಲಾ. ಲದ್ದಿ ಇನ್ನೂ ಬೆಚ್ಚಗೈತೆ" ಅಂದ.

ನೋಡಿದೆ. ಮುಟ್ಟಬೇಕಾಗಿರಲಿಲ್ಲ, ವಾಸನೆಯೇ ಹೇಳುತ್ತಿತ್ತು. ಪಕ್ಕದ ಜಾಲಿಯ ಕೊಂಬೆ ಸಿಗಿದು ಬಿದ್ದಿತ್ತು, ಸಿಗಿದ ಜಾಗ ಹಸಿಯಾಗಿತ್ತು. ಕಂದಕದ ದಡ ಒಂದು ಕಡೆ ಕುಸಿದು ಮಣ್ಣು ಕೆಳಗೆ ಜಾರಿತ್ತು. ಬೆಳಗ್ಗೆ ತಮ್ಮ ಬಂದುಹೋದ ಮೇಲೆ ಆದದ್ದು. ಇಷ್ಟು ತಿಳಿಯದವನು ಆ ಊರಿನಲ್ಲಿ ಹುಟ್ಟಿರಲು ಸಾಧ್ಯವಿಲ್ಲ.

ನಿಜ ಹೇಳಿದರೆ ಗೆದ್ದವರಿಲ್ಲ, ಸೋತವರಿಲ್ಲ.

"ಮೊನ್ನೇದು ಕಣ್ಲಾ. ಬಿಸಿಲಿಗೆ ಕಾದೈತೆ" ಅಂದೆ.

ಅವನು ಮುರಿದ ಕೊಂಬೆಯ ಕಡೆ ಕೈ ತೋರಿಸಿ, ಇದು ಇನ್ನೂ ಆರಿಲ್ಲವಲ್ಲ ಅಂದ.

"ಆನೆ ವಿಷ್ಯ ನಿಂಗೇನ್ಲಾ ಗೊತ್ತು? ಅದಕ್ಕೂ ವರ್ನಿಯರ್ ಹಾಕ್ತೀಯಾ?"

ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಅನುಮಾನದಿಂದಲ್ಲ. ತನ್ನ ಕಣ್ಣನ್ನು ನಂಬಬೇಕೋ, ನನ್ನ ಮಾತನ್ನೋ ಅಂತ ನೋಡಿದ. ಆಮೇಲೆ, "ಸರಿ ಬಿಡು, ನಿನ್ನೂರು" ಅಂದು, ಸೊಂಟದ ಪಟ್ಟಿಯನ್ನು ತಾನೇ ಎಳೆದು, ಸೀಟಿಯ ಜೊತೆ ನನ್ನ ಕೈಗೆ ಕೊಟ್ಟು ಹುಣಸೆ ಮರದ ಕಡೆ ನಡೆದ. ಅವನು ಬೆನ್ನು ತಿರುಗಿಸಿದ ಮೇಲೆ ನಾನು ಕಾಲಿನಿಂದ ತರಗೆಲೆ ತಳ್ಳಿ ಲದ್ದಿಯನ್ನು ಮುಚ್ಚಿದೆ.

ಸುಳ್ಳು ಸೀಟಿ ಅಂತ ಕೂಗಿ ಹೇಳಿದೆ. ಮರದಡಿ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. "ಸೋಲೋ ಟೈಮಿಗೆ ಕರೆಕ್ಟಾಗಿ ಆನೆ ಬತ್ತದೆ ನಮ್ಮಣ್ಣಂಗೆ" ಅಂತ ಒಬ್ಬ ಅಂದ. ಇನ್ನೊಬ್ಬ ಅದನ್ನೇ ತಮಿಳಿನಲ್ಲಿ ಹೇಳಿದ, ಮತ್ತೆ ನಗು.

ಆಟ ನಡೆಯಿತು. ಕೆಂಪಿನಲ್ಲಿ ಉಳಿದವಳು ನನ್ನ ಮೊಮ್ಮಗಳೊಬ್ಬಳೇ. ಉಳಿದ ಐವರನ್ನು ಕೆಳಗಿನ ಕಡೆ ಹುಡುಕಲು ಕಳಿಸಿ ನಾನು ಕಂದಕದ ಪಕ್ಕಕ್ಕೇ ನಡೆದೆ. ಮಕ್ಕಳಿಗೂ ಕಾಡಿಗೂ ನಡುವೆ ನಾನಿರಲಿ ಅಂತ ಹಾಗೆ ಮಾಡಿದೆ ಅಂದುಕೊಂಡು ಬಹಳ ದಿನ ಸಮಾಧಾನ ಪಟ್ಟೆ. ಅದು ಪೂರ್ತಿ ನಿಜವಲ್ಲ. ಅವಳು ಆ ಕಡೆಯೇ ಅಡಗಿರಬಹುದು ಅಂತ ನನಗೆ ಅನ್ನಿಸಿತ್ತು. ಕಾಲುಗಂಟೆ ಹುಡುಕಿದೆ. ಆಚೆ ಒಂದು ಎಲೆ ಅಲ್ಲಾಡಿದರೂ ನಿಂತು ಕಿವಿಗೊಡುತ್ತಿದ್ದೆ. ಆದರೂ ಎಲ್ಲರೂ ಹೊರಗೆ ಬನ್ನಿ ಅಂತ ಕೂಗಲಿಲ್ಲ. ಲದ್ದಿ ಇದ್ದ ಜಾಗದಿಂದ ಮೂವತ್ತು ಅಡಿ ದೂರದಲ್ಲಿ, ಲಂಟಾನದೊಳಗೆ ಮಂಡಿಗೆ ಗದ್ದ ಊರಿಕೊಂಡು ಕೂತಿದ್ದಳು. ಅವಳ ಬೆನ್ನಿನಿಂದ ಕೆಂಪು ಪಟ್ಟಿಯನ್ನು ನಾನೇ ಎಳೆದುಕೊಂಡೆ. ಗೆದ್ದೆ.

ಮರುದಿನ ತಮ್ಮ ಫೋನು ಮಾಡಿದ. ಒಂಟಿ ಸಲಗ ನಿನ್ನೆ ಹಗಲೆಲ್ಲ ಕಂದಕದ ತಿರುವಿನ ಪೊದೆಯಲ್ಲೇ ನಿಂತಿತ್ತಂತೆ, ಬೆಳಗಾಗುವ ಹೊತ್ತಿಗೆ ಪಂಪ್‌ಸೆಟ್ಟಿನ ಗೂಡು ಕೆಡವಿ ಹೋಗಿದೆ ಅಂದ. ಯಾರಿಗೂ ಹೇಳಬೇಡ, ಮುಂದಿನ ವರ್ಷ ಮಕ್ಕಳು ಹೆದರುತ್ತಾರೆ ಅಂದೆ.

ಬಡಾವಣೆಯಲ್ಲಿ ಗೆಳೆಯನಿಗೆ ಆನೆ ಮಾಮ ಅಂತ ಹೆಸರಾಯಿತು. ಹಾಲಿನ ಅಂಗಡಿಯಲ್ಲಿ, ಟೀ ಅಂಗಡಿಯಲ್ಲಿ, ಅವನು ಏನು ಹೇಳಿದರೂ ಯಾರಾದರೂ ಮೂರು ಸಲ ಸೀಟಿ ಹೊಡೆಯುವುದು. ಮೊದಮೊದಲು ಅವನೂ ನಗುತ್ತಿದ್ದ. ಬಡಾವಣೆಯ ನೀರಿನ ಟ್ಯಾಂಕಿನಲ್ಲಿ ಬಿರುಕು ಬಿಟ್ಟಿದೆ ಅಂತ ಒಮ್ಮೆ ಸಭೆಯಲ್ಲಿ ಹೇಳಿದಾಗ ಹಿಂದಿನ ಸಾಲಿನಿಂದ ಸೀಟಿ ಬಂತು. ಹೇಳುತ್ತಿದ್ದದ್ದನ್ನು ಅರ್ಧಕ್ಕೇ ನಿಲ್ಲಿಸಿ ಕೂತುಬಿಟ್ಟ. ಮೂವತ್ತು ವರ್ಷ ಯಾರೂ ತಿರುಗಿ ಅಳೆಯದಿದ್ದ ಮಾತು ಅವನದು. ಪಕ್ಕದಲ್ಲೇ ಇದ್ದ ನಾನು ಮೊದಲು ಖುಷಿಪಟ್ಟೆ. ಹೌದು, ಪಟ್ಟೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಮುಂದಿನ ಸಂಕ್ರಾಂತಿಗೆ ಅವನು ತೋಪಿಗೆ ಬರಲಿಲ್ಲ. ಮತ್ತೆ ನಾನೇ ಗೆದ್ದೆ, ಆದರೆ ಅರ್ಧ ಜನ ಆಡದೆ ಮೊಬೈಲು ನೋಡುತ್ತ ಕೂತಿದ್ದರು.

ಈ ವರ್ಷ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಅವನ ಮನೆಗೆ ಹೋದೆ. ಗಂಡ ಹೆಂಡತಿ ಮಹಡಿಯ ಮೇಲೆ ಬಿಸಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ಬಾ ಅಣ್ಣಾ ಅಂತ ಆಕೆ ನನ್ನ ಮುಂದೂ ಒಂದು ಬಟ್ಟಲು ಇಟ್ಟು, ಕಾಫಿ ಮಾಡಲು ಕೆಳಗೆ ಹೋದಳು. ನಾನು ಕಾಳು ಹಿತಕುತ್ತ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದೆ. ಲದ್ದಿ, ಕೊಂಬೆ, ತರಗೆಲೆ, ತಮ್ಮನ ಫೋನು. ನಿನ್ನ ಮಾತನ್ನು ಸುಳ್ಳು ಮಾಡಿದೆ, ಹೊಟ್ಟೆಕಿಚ್ಚು, ಬೇರೇನೂ ಅಲ್ಲ, ಕ್ಷಮಿಸು ಅಂದೆ.

ಅವನು ಕಾಳು ಹಿತಕುವುದನ್ನು ನಿಲ್ಲಿಸಲಿಲ್ಲ.

"ನಾನು ಆಚೆ ಬಂದ್ಮೇಲೆ ಕೆಂಪಲ್ಲಿ ಉಳಿದೋಳು ನಿನ್ ಮೊಮ್ಮಗಳು ಒಬ್ಳೇ ಅಲ್ವಾ?"

"ಹೂಂ."

"ಆ ಪೊದೇಲಿ ಕೂತ್ಕೋ ಅಂದೋನು ನಾನು ಕಣ್ಲಾ." ಅವನ ಕೈ ಆಗ ನಿಂತಿತು. "ಲದ್ದಿ ಕಂಡ ತಕ್ಷಣ ಊದಿದ್ದು ಅದಕ್ಕೇ. ನಿನ್ ಮಾತು ನಂಬ್ಕೊಂಡು ಮಗೂನ ಅಲ್ಲೇ ಬಿಟ್ಟು ಬಂದೆ."

ನಾನು ಕ್ಷಮೆ ಕೇಳಲು ಹೋಗಿದ್ದು ಒಂದಕ್ಕೆ. ಅವನಿಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ತನ್ನ ಹೆಸರು ಕೆಟ್ಟದ್ದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ.

"ನಂಗೆ ಹೇಳಿದ್ದು ಸಾಕು. ಹೋಗಿ ಆ ಮಕ್ಕಳ ಅಪ್ಪ ಅಮ್ಮಂದಿರಿಗೆ ಹೇಳು. ನಿನ್ ಮಗಳಿಗೆ ಮೊದ್ಲು ಹೇಳು."

ಮಗಳಿಗೆ ಹೇಳಿದೆ. ಅವಳು ಬೈಯಲಿಲ್ಲ, ಮೊಮ್ಮಗಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡಳು. ಈಗಲೂ ನನ್ನ ಜೊತೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಭಾನುವಾರ ತೋಪಿನ ದಾರಿಯಲ್ಲಿ, ವ್ಯಾನು ಇಳಿದ ಮೇಲೆ ಎಲ್ಲರ ಮುಂದೆ ನಿಂತು ಹೇಳಿದೆ. ಈ ಸಲ ಗೆಳೆಯನೂ ಬಂದಿದ್ದ. ಯಾರೂ ನಗಲಿಲ್ಲ. ಒಬ್ಬ ತಾಯಿ ಮಗನ ಕೈ ಹಿಡಿದು ವ್ಯಾನಿನೊಳಗೆ ಹೋಗಿ ಕೂತಳು. ಸೀಟಿ ಹೊಡೆದು ಗೇಲಿ ಮಾಡುತ್ತಿದ್ದವನೊಬ್ಬ ಗೆಳೆಯನ ಹತ್ತಿರ ಹೋಗಿ, ಅಣ್ಣಾ ತಪ್ಪಾಯ್ತು ಅಂದು ನನ್ನ ಕಡೆ ನೋಡದೆ ವಾಪಸಾದ.

ಆಮೇಲೆ ಅವರೆಲ್ಲ ಗೆಳೆಯನನ್ನೇ ಕೇಳಿದರು, ನೀವು ಹೋಗಿ ನೋಡಿ ಬನ್ನಿ, ನೀವು ಹೇಳಿದರೆ ಮಾತ್ರ ಆಡುತ್ತೇವೆ ಅಂತ. ಅವನು ನನ್ನ ತಮ್ಮನನ್ನು ಕರೆದುಕೊಂಡು ಕಂದಕದ ಉದ್ದಕ್ಕೂ ನಡೆದ. ಅಲ್ಲಲ್ಲಿ ಕೂತು, ಮಣ್ಣು ಮುಟ್ಟಿ, ಪೊದೆ ಸರಿಸಿ ನೋಡಿದ. ಮುಕ್ಕಾಲು ಗಂಟೆಯಾದರೂ ಯಾರೂ ಗೊಣಗಲಿಲ್ಲ. ಬಂದು, "ಕೆಳಗಿನ ಅರ್ಧದಲ್ಲಿ ಆಡಬಹುದು. ಮೇಲಕ್ಕೆ, ಕಂದಕದ ಕಡೆ ಬೇಡ" ಅಂದ. ಎಲ್ಲರೂ ತಲೆಯಾಡಿಸಿದರು. ವ್ಯಾನಿನಲ್ಲಿದ್ದ ತಾಯಿಯೂ ಮಗನನ್ನು ಇಳಿಸಿ ಕಳಿಸಿದಳು.

ನನ್ನ ಕೈಗೆ ಯಾರೂ ಪಟ್ಟಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಊಟದ ಪಾತ್ರೆಗಳ ಪಕ್ಕ ನಿಂತು ನೋಡುತ್ತಿದ್ದೆ. ಅವನ ಒಂದು ಮಾತಿಗೆ ನಮ್ಮಪ್ಪನ ತೋಪಿನೊಳಗೆ ಅಷ್ಟು ಜನ ಹಿಂದೆ ಮುಂದೆ ನೋಡದೆ ಹೆಜ್ಜೆ ಇಡುತ್ತಿದ್ದರು. ಅದು ಸರಿ ಅಂತ ನನಗೆ ಗೊತ್ತಿತ್ತು, ಹಾಗೆ ಆಗಲಿ ಅಂತಲೇ ನಾನು ಬಾಯಿ ಬಿಟ್ಟು ಹೇಳಿದ್ದು. ಆದರೂ ಅದನ್ನು ನೋಡುತ್ತ ನಿಂತಾಗ ನನ್ನ ಹೊಟ್ಟೆ ಮತ್ತೆ ಉರಿಯಿತು. ಉಳಿದದ್ದೆಲ್ಲ ಒಪ್ಪಿಕೊಂಡ ಮೇಲೆ ಇದೊಂದನ್ನು ಮುಚ್ಚಿಡುವುದು ಬೇಡ ಅಂತ ಇಲ್ಲಿ ಬರೆದಿದ್ದೇನೆ.